ಕೃಷ್ಣೆಯ ದಡದ ಗೂಗಲ್: ಸಾಲಕ್ಕೆ ಸಂದ ನಾಡಿನ ನೆನಪು

ಗೂಗಲ್ ಎಂದೊಡನೆ ಇಂದಿನ ಮಕ್ಕಳು ನಗುತ್ತಾರೆ. ಅವರಿಗೆ ಅದು ಕೈಯೊಳಗಿನ ಫೋನಿನಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಹೆಸರು. ನಾವು ನೋಡಿಬಂದ ಗೂಗಲ್ ಬೇರೆಯದು. ರಾಯಚೂರು ಜಿಲ್ಲೆಯ ದೇವದುರ್ಗ ತಾಲೂಕಿನಲ್ಲಿ ಕೃಷ್ಣಾ ನದಿಯ ದಡದಲ್ಲಿರುವ, ಅಲ್ಲಮಪ್ರಭುಗಳ ದೇವಾಲಯದಿಂದ ಹೆಸರಾದ ಹಳ್ಳಿ.

ರಾಯಚೂರಿನಿಂದ ದೇವದುರ್ಗದ ಹಾದಿ ಹಿಡಿದ ನಮಗೆ ಇಕ್ಕೆಲಗಳಲ್ಲಿಯೂ ಎರೆ ಹೊಲಗಳು, ಹತ್ತಿಯ ಗಿಡಗಳು ಕಂಡವು. ಕಾಲುವೆಯ ನೀರು ಬಂದ ಕಡೆ ಭತ್ತದ ಗದ್ದೆಗಳು. ಊರು ಸೇರಿ ಪ್ರಭುಗಳ ದರ್ಶನ ಪಡೆದು, ಹೊಳೆಯ ದಡದಲ್ಲಿ ಬುತ್ತಿ ಬಿಚ್ಚಿ ಕುಳಿತೆವು. ಆಚೆಯ ದಡ ಯಾದಗಿರಿ ಜಿಲ್ಲೆಯದು, ಹಿಂದಿನ ಸುರಪುರ ಸೀಮೆಯ ಕಡೆಯದು. ಈಚೆಯದು ಕೃಷ್ಣಾ ತುಂಗಭದ್ರೆಯರ ನಡುವಿನ ದೋಆಬ್.

ಈ ದೋಆಬ್ ಒಮ್ಮೆ ಸಾಲಕ್ಕೆ ಸಂದ ನಾಡು ಎಂಬುದನ್ನು ನಮ್ಮಲ್ಲಿ ಎಷ್ಟು ಜನ ಬಲ್ಲರು? ಹೈದರಾಬಾದಿನ ನಿಜಾಮರು ತಮ್ಮ ವೆಚ್ಚದಲ್ಲಿ ಸಾಕಬೇಕಿದ್ದ, ಆದರೆ ಇಂಗ್ಲಿಷರ ಅಧಿಕಾರಿಗಳ ಕೈಕೆಳಗಿದ್ದ ಸೈನ್ಯವೊಂದಿತ್ತು. ಅದರ ಒಂದು ಠಾಣ್ಯ ನಮ್ಮ ಲಿಂಗಸುಗೂರಿನಲ್ಲಿಯೇ ಇತ್ತು. ಆ ಸೈನ್ಯದ ಸಂಬಳ ಬಾಕಿ ಬಿದ್ದು ಸಾಲ ಬೆಳೆಯಿತು. ಡಾಲ್‌ಹೌಸಿಯ ಕಾಲದಲ್ಲಿ, 1853ರ ಮೇ ತಿಂಗಳ ಒಪ್ಪಂದದಂತೆ, ಬೀರಾರ ಪ್ರಾಂತ, ಧಾರಾಶಿವ ಸೀಮೆ ಮತ್ತು ರಾಯಚೂರು ದೋಆಬ್ ಕಂಪನಿಯ ಆಡಳಿತಕ್ಕೆ ಹೋದವು. ಹೆಸರಿಗೆ ಒಡೆತನ ನಿಜಾಮರದು, ಕಂದಾಯ ಕಂಪನಿಯದು. ನಮ್ಮ ರೈತರ ಮಾತಿನಲ್ಲಿ ಹೇಳುವುದಾದರೆ ಭೂಮಿ ಭೋಗ್ಯಕ್ಕೆ ಬಿತ್ತು. ಉತ್ತವನನ್ನು ಯಾರೂ ಕೇಳಲಿಲ್ಲ.

ಆಚೆಯ ದಡದ ಕಥೆ ಇನ್ನೂ ದಾರುಣ. 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕರು ಇಂಗ್ಲಿಷರ ವಿರುದ್ಧ ಎದ್ದು, ಸೆರೆಯಾಗಿ, ಅದೇ ವರ್ಷ ಪ್ರಾಣ ನೀಗಿದರು. ಅವರನ್ನು ಬಾಲ್ಯದಿಂದ ಬಲ್ಲ ಮೆಡೋಸ್ ಟೇಲರನು ತನ್ನ ಆತ್ಮಕಥೆಯಲ್ಲಿ ಈ ಸಂಸ್ಥಾನದ ಸಂಗತಿಗಳನ್ನು ವಿವರವಾಗಿ ಬರೆದಿದ್ದಾನೆ. 1860ರಲ್ಲಿ ಇಂಗ್ಲಿಷರು ಸುರಪುರವನ್ನು ನಿಜಾಮರಿಗೆ ಕೊಟ್ಟರು. ದೋಆಬ್ ಹಾಗೂ ಧಾರಾಶಿವಗಳನ್ನು ಮರಳಿಸಿದರು. ಐವತ್ತು ಲಕ್ಷ ರೂಪಾಯಿಗಳ ಸಾಲವನ್ನೂ ಬಿಟ್ಟರು. ಆದರೆ ಹತ್ತಿಯ ಕಣಜವಾದ ಬೀರಾರನ್ನು ಬಿಡಲಿಲ್ಲ. 1902ರಲ್ಲಿ ಅದನ್ನು ಶಾಶ್ವತ ಗುತ್ತಿಗೆಯಾಗಿಯೇ ಪಡೆದರು.

ಆ ಹತ್ತಿಯ ಬೆಲೆ ತಿಳಿಯಲು ಹೆಚ್ಚು ಕಾಲ ಬೇಕಾಗಲಿಲ್ಲ. 1861ರಲ್ಲಿ ಅಮೆರಿಕೆಯಲ್ಲಿ ಅಂತರ್ಯುದ್ಧ ಹೊತ್ತಿತು. ಗುಲಾಮರ ದುಡಿಮೆಯಿಂದ ಬೆಳೆದು ಬರುತ್ತಿದ್ದ ಅಲ್ಲಿಯ ಅರಳೆ ನಿಂತು, ಲ್ಯಾಂಕಾಶೈರಿನ ಗಿರಣಿಗಳು ಹಸಿದವು. ಇಂಗ್ಲೆಂಡಿನ ವ್ಯಾಪಾರಿಗಳ ಕಣ್ಣು ನಮ್ಮ ಎರೆಭೂಮಿಯತ್ತ ತಿರುಗಿತು. ಧಾರವಾಡದ ಕಡೆಯಂತೂ ಅಮೆರಿಕದ ತಳಿಯ ಹತ್ತಿಯನ್ನು 1840ರ ದಶಕದಲ್ಲಿಯೇ ಬೆಳೆಸತೊಡಗಿದ್ದರು. ಧಾರಣೆ ಏರಿತು, 1865ರಲ್ಲಿ ಯುದ್ಧ ಮುಗಿದೊಡನೆ ಕುಸಿಯಿತು. ಎಲ್ಲಿಯೋ ನಡೆದ ಕಾಳಗ ಇಲ್ಲಿಯ ಒಕ್ಕಲಿಗನ ಒಲೆಯನ್ನು ತಟ್ಟಿತು. 1871ರಲ್ಲಿ ಮುಂಬಯಿ ಮತ್ತು ಮದರಾಸುಗಳ ರೈಲುಹಾದಿಗಳು ರಾಯಚೂರಿನಲ್ಲಿ ಕೂಡಿದ ಮೇಲೆ ಈ ನಂಟು ಇನ್ನಷ್ಟು ಬಿಗಿಯಾಯಿತು.

ನಮ್ಮೊಡನೆ ಬಂದಿದ್ದ ಹಿರಿಯರೊಬ್ಬರು ಇದೆಲ್ಲವನ್ನೂ ಕೇಳಿ, “ಸಾಲಕ್ಕ ಹೋದ ಹೊಲ ತಿರುಗಿ ಬರೂದು ಭಾಳ ಕಷ್ಟರೀ. ಬಂದ್ರೂ ಫಲ ಉಂಡವರು ಬೇರೆಯವರs,” ಎಂದರು. ಅವರ ಮನೆಯಲ್ಲಿಯೂ ಹೊಲ ಅಡವಾಗಿ ಹೋದ ಕಥೆಯಿದೆ. ಒಂದು ಕ್ಷಣ ಯಾರೂ ಮಾತನಾಡಲಿಲ್ಲ.

ಮರಳುವಾಗ ಮಕ್ಕಳನ್ನು ಕರೆದು ಎರಡೂ ದಡಗಳನ್ನು ತೋರಿಸಿದೆವು. ಕಾಯಕದಿಂದ ಬಂದುದರಲ್ಲಿ ಬಾಳಬೇಕೆಂದು ಶರಣರು ಬೋಧಿಸಿದುದು ಮನೆಗೆ ಮಾತ್ರವಲ್ಲ, ನಾಡಿಗೂ ಸಲ್ಲುವ ಮಾತು. ಗೂಗಲ್ಲಿಗೆ ಹೋಗುವವರು ಪ್ರಭುಗಳಿಗೆ ಕೈಮುಗಿದ ಮೇಲೆ ಹೊಳೆಯ ದಡದಲ್ಲಿ ತುಸುಹೊತ್ತು ಕುಳಿತು, ಈ ಕಥೆಯನ್ನು ತಮ್ಮ ಮಕ್ಕಳಿಗೂ ಹೇಳಲಿ.