ಖಿಸೆಯ ಚಾಕು, ಕಸಿಯ ಚಾಕು

ಜತ್ತ ಪಟ್ಟಣವನ್ನು ಬಿಟ್ಟು ಪೂರ್ವಕ್ಕೆ ಸಾಗಿದಂತೆ ದಾರಿಬದಿಯ ಫಲಕಗಳು ಮರಾಠಿಯಲ್ಲಿಯೇ ಉಳಿಯುತ್ತವೆ. ಬಸ್ಸಿನೊಳಗಿನ ಮಾತು ಮಾತ್ರ ಮೆಲ್ಲನೆ ಕನ್ನಡಕ್ಕೆ ತಿರುಗುತ್ತದೆ. ಸಂಖ, ಉಮದಿಗಳ ಸೀಮೆ ಇದು. ಸಾಂಗಲಿ ಜಿಲ್ಲೆಯ ಈ ಮೂಡಣ ಅಂಚಿನಲ್ಲಿ, ವಿಜಯಪುರ ಜಿಲ್ಲೆಯ ಗಡಿಗೆ ಸಮೀಪವಾಗಿ ಬಾಲಗಾಂವವಿದೆ. ಮಳೆ ಕಡಿಮೆಯ ನೆಲ. ಜೋಳ, ಸಜ್ಜೆ, ತೊಗರಿಗಳನ್ನು ನಂಬಿದ ಹೊಲಗಳ ನಡುನಡುವೆ ಹನಿ ನೀರಾವರಿಯ ಕಪ್ಪು ಕೊಳವೆಗಳನ್ನು ಹಾಸಿಕೊಂಡ ದ್ರಾಕ್ಷಿ, ದಾಳಿಂಬೆಯ ತೋಟಗಳು ಕಣ್ಣಿಗೆ ಬೀಳುತ್ತವೆ.

ಈ ಸೀಮೆಯ ರೈತನ ಖಿಸೆಯಲ್ಲಿ ಮೊಬೈಲು ಬರುವ ಮುಂಚಿನಿಂದಲೂ ಇದ್ದ ವಸ್ತುವೊಂದಿದೆ. ಅದು ಮಡಚುವ ಚಾಕು. ಗೊಬ್ಬರದ ಚೀಲದ ಹೊಲಿಗೆ ಬಿಚ್ಚುವುದು, ಸುತಳಿ ಕೊಯ್ಯುವುದು, ಹನಿ ನೀರಿನ ಕೊಳವೆಯನ್ನು ಅಳತೆಗೆ ತುಂಡರಿಸುವುದು, ಹೊಲದ ಬದುವಿನಲ್ಲಿ ಕುಳಿತು ರೊಟ್ಟಿಯ ಜೊತೆಗೆ ಉಳ್ಳಾಗಡ್ಡಿ ಹೆಚ್ಚುವುದು, ಎಲ್ಲವೂ ಅದರ ಕೆಲಸವೇ. ಗುಡ್ಡಾಪುರದ ದಾನಮ್ಮದೇವಿಯ ಜಾತ್ರೆಯಲ್ಲಿಯೋ ವಾರದ ಸಂತೆಯಲ್ಲಿಯೋ ಕೊಂಡದ್ದು ಕಳೆದುಹೋದರೆ ಯಾರೂ ಹೆಚ್ಚು ಮರುಗುವುದಿಲ್ಲ. ಮುಂದಿನ ಸಂತೆಗೆ ಇನ್ನೊಂದು ಬರುತ್ತದೆ.

ಆದರೆ ದ್ರಾಕ್ಷಿ ಬಂದ ಮೇಲೆ ಚಾಕುವಿಗೆ ಮತ್ತೊಂದು ಕೆಲಸ ಬಂದಿತು. ಸಾಂಗಲಿಯ ಒಣದ್ರಾಕ್ಷಿಗೆ, ಜನರ ಬಾಯಿಯ ಬೇದಾಣೆಗೆ, ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಥಾಮ್ಸನ್ ಸೀಡ್‌ಲೆಸ್, ಸೋನಾಕಾ, ಮಾಣಿಕ ಚಮನ ಮೊದಲಾದ ತಳಿಗಳ ಹೆಸರು ಇಲ್ಲಿನ ಮಕ್ಕಳಿಗೂ ಬಾಯಿಪಾಠ. ಆದರೆ ಆ ಬಳ್ಳಿಗಳು ಇಂದು ಬಹುತೇಕ ನಿಂತಿರುವುದು ತಮ್ಮ ಬೇರಿನ ಮೇಲಲ್ಲ. ಬರವನ್ನೂ ಉಪ್ಪುನೀರನ್ನೂ ತಾಳಿಕೊಳ್ಳುವ, ಅಮೆರಿಕದ ಟೆಕ್ಸಾಸ್ ಮೂಲದ ಡಾಗ್‌ರಿಜ್ ಎಂಬ ಬೇರುಸಸಿಯನ್ನು ಮೊದಲು ನೆಟ್ಟು, ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೊದಲ ಭಾಗದವರೆಗೆ ಅದರ ಮೇಲೆ ಬೇಕಾದ ತಳಿಯ ಕಡ್ಡಿಯನ್ನು ಕಸಿ ಕಟ್ಟುತ್ತಾರೆ.

ಈ ಕೆಲಸವನ್ನು ಟೋಳಿಗಳು ಊರಿಂದೂರಿಗೆ ತಿರುಗಿ ಮಾಡುತ್ತವೆ. ಪೆನ್ಸಿಲ್ ಗಾತ್ರದ, ಎರಡು ಕಣ್ಣುಗಳ ಕಡ್ಡಿಯ ಬುಡವನ್ನು ಎರಡೂ ಬದಿಗೆ ಇಳಿಜಾರಾಗಿ ಕೆತ್ತಿ ಬೆಣೆಯಂತೆ ಮಾಡಬೇಕು. ಬೇರುಸಸಿಯ ಕಾಂಡವನ್ನು ಅಡ್ಡ ಕತ್ತರಿಸಿ, ನಡುವೆ ಸೀಳಿ, ಬೆಣೆಯನ್ನು ಅದರೊಳಗೆ ಕೂಡಿಸಬೇಕು. ತೊಗಟೆಯ ಒಳಗಿನ ಹಸಿ ಪದರಗಳು ಒಂದಕ್ಕೊಂದು ತಾಗಬೇಕು. ಕೊಯ್ದ ಮುಖ ಒಣಗುವ ಮೊದಲೇ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಬೇಕು. ಅಲಗು ಮೊಂಡಾಗಿದ್ದರೆ ಕಡ್ಡಿ ಕೊಯ್ಯುವುದಿಲ್ಲ, ಜಜ್ಜುತ್ತದೆ. ಜಜ್ಜಿದ ಕಡ್ಡಿ ಚಿಗುರುವ ಭರವಸೆಯಿಲ್ಲ.

ಬಾಲಗಾಂವದ ಒಂದು ಮನೆಯಲ್ಲಿ ಕಸಿಯ ಹಂಗಾಮಿಗೆ ಮುನ್ನ ಚಾಕುವಿನ ಮಾತು ನಡೆಯಿತು. ಮಗ ಇಪ್ಪತ್ತೆರಡು ವರ್ಷದವನು, ಟೋಳಿಯಲ್ಲಿ ಎರಡು ಹಂಗಾಮು ದುಡಿದವನು. ಅವನ ಖಿಸೆಯಲ್ಲಿದ್ದುದು ನೂರೈವತ್ತು ರೂಪಾಯಿಯ ಚಾಕು. ಕೃಷಿ ಸಾಮಗ್ರಿಯ ಅಂಗಡಿಯಲ್ಲಿ ಅವನು ನೋಡಿ ಬಂದದ್ದು ಎರಡು ಸಾವಿರದ ನಾಲ್ಕುನೂರು ರೂಪಾಯಿಯ ವಿದೇಶಿ ಚಾಕು. ತೆರೆದರೆ ಅಲಗಿಗೆ ಬೀಗ ಬೀಳುತ್ತದೆ, ಬೀಗ ತೆಗೆಯದೆ ಮಡಚುವುದಿಲ್ಲ. ತಾಯಿಗೆ ಬೆಲೆ ಕೇಳಿಯೇ ಬೇಸರವಾಯಿತು.

"ಸಿದ್ಧೇಶ್ವರ ಅಪ್ಪಾವರ ಅಂಗಿಗೆ ಖಿಸೇನ ಇರಲಿಲ್ಲ. ನಿನಗ ಖಿಸೆದಾಗ ಎರಡೂವರೆ ಸಾವಿರದ ಚಾಕು ಬೇಕೇನಪಾ?"

ಈ ಮಾತಿಗೆ ಆ ಸೀಮೆಯಲ್ಲಿ ತೂಕವಿದೆ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರು 2023ರ ಜನವರಿ 2ರಂದು ದೇಹ ಬಿಟ್ಟರು. ಖಿಸೆಯಿಲ್ಲದ ಅವರ ಬಿಳಿ ಅಂಗಿಯನ್ನು ಗಡಿಯ ಈಚೆಯ ಊರುಗಳೂ ಮರೆತಿಲ್ಲ. ಮಗ ಎದುರಾಡಲಿಲ್ಲ, ಬಲಗೈಯ ತೋರುಬೆರಳನ್ನು ಮಾತ್ರ ಮುಂದೆ ಮಾಡಿದ. ಹಿಂದಿನ ಹಂಗಾಮಿನಲ್ಲಿ ಕಾಂಡ ಸೀಳಲು ಅಲಗನ್ನು ಒತ್ತಿದಾಗ ಚಾಕು ತಾನಾಗಿ ಮಡಚಿ ಬೆರಳಿನ ಮೇಲೆ ಕುಳಿತ ಗಾಯದ ಗುರುತು ಅಲ್ಲಿತ್ತು.

ಒಂಬತ್ತನೆಯ ಇಯತ್ತೆಯಲ್ಲಿ ಓದುವ ತಂಗಿ ನೋಟುಬುಕ್ಕಿನ ಕೊನೆಯ ಪುಟ ತೆರೆದು ಲೆಕ್ಕ ಹಾಕಿದಳು. ಅಣ್ಣನಿಗೆ ಹಂಗಾಮಿಗೆ ಎರಡು ಅಗ್ಗದ ಚಾಕು ಬೇಕಾಗುತ್ತವೆ. ಅಂದರೆ 300 ರೂಪಾಯಿ. ಹೊಸದು 2400. ಎಂಟು ಹಂಗಾಮು ಬಾಳಿದರೆ ಎರಡೂ ಸರಿಸಮ, ಒಂಬತ್ತನೆಯದರಿಂದ ಲಾಭ. ಎರಡನೆಯ ಹಂಗಾಮಿನ ಕೊನೆಗೇ ಕಳೆದುಹೋದರೆ ಹಂಗಾಮಿಗೆ 1200 ಬಿದ್ದಂತೆ. ಆಮೇಲೆ ಅವಳು ಇನ್ನೊಂದು ಸಾಲು ಬರೆದಳು: ಬೆರಳು ಕೊಯ್ದುಕೊಂಡು ಮನೆಯಲ್ಲಿ ಕುಳಿತ ದಿನ 9, ದಿನದ ಪಗಾರ 600, ಒಟ್ಟು 5400. ತಾಯಿ ಆ ಸಾಲನ್ನು ಎರಡು ಸಲ ಓದಿಸಿದಳು.

ಬೀಗದ ಚಾಕು ಹೊಸ ಸೋಜಿಗವೇನೂ ಅಲ್ಲ. ಫ್ರಾನ್ಸಿನ ಸವಾಯ್ ಸೀಮೆಯ ಜೋಸೆಫ್ ಒಪಿನೆಲ್ 1890ರಲ್ಲಿ ರೈತರ ಖಿಸೆಗೆಂದೇ ಮರದ ಹಿಡಿಯ ಸರಳ ಚಾಕು ಮಾಡಿದನು. ಅಲಗು ಮಡಚದಂತೆ ತಡೆಯುವ ತಿರುಗುವ ಉಂಗುರ ಅದಕ್ಕೆ ಸೇರಿದ್ದು 1955ರಲ್ಲಿ. ಸ್ವಿಟ್ಜರ್ಲೆಂಡಿನಲ್ಲಿ ಕಾರ್ಲ್ ಎಲ್ಸನರ್ 1884ರಲ್ಲಿ ತೆರೆದ ಕಾರ್ಯಾಗಾರವೇ ಮುಂದೆ ವಿಕ್ಟೋರಿನಾಕ್ಸ್ ಎಂದು ಲೋಕಪ್ರಸಿದ್ಧವಾಯಿತು. ಆ ಹೆಸರಿನ ಮೊದಲರ್ಧ ಅವನ ತಾಯಿಯದು. ಉಳಿದರ್ಧ ತುಕ್ಕು ಹಿಡಿಯದ ಉಕ್ಕಿನದು. ಬೆಲೆ ಹೆಚ್ಚಿದಷ್ಟೂ ಉಕ್ಕು ಗಡಸಾಗುತ್ತದೆಂದು ತಿಳಿಯುವುದೂ ಪೂರ್ಣ ಸರಿಯಲ್ಲ. ಆ ಪ್ರಸಿದ್ಧ ಸ್ವಿಸ್ ಚಾಕುವಿನ ಅಲಗು ರಾಕ್‌ವೆಲ್ ಮಾಪನದಲ್ಲಿ 55-56ರ ಸುಮಾರಿನದು. ಅರವತ್ತನ್ನು ದಾಟಿದ ಉಕ್ಕಿನವೂ ಮಾರುಕಟ್ಟೆಯಲ್ಲಿವೆ. ಗಡಸು ಉಕ್ಕು ಹದನನ್ನು ಹೆಚ್ಚು ದಿನ ಹಿಡಿಯುತ್ತದೆ. ಆದರೆ ಮೊಂಡಾದಾಗ ಸಾಣೆಗೆ ಬೇಗ ಬಗ್ಗುವುದಿಲ್ಲ, ಅಡ್ಡ ಒತ್ತಿದರೆ ಚೂರು ಹಾರುವ ಭಯವೂ ಉಂಟು.

ತಾಯಿಯ ಇನ್ನೊಂದು ಅಳುಕು ಪೊಲೀಸರದು. ಪರವೂರಿಗೆ ಹೋಗುವ ಹುಡುಗ, ಖಿಸೆಯಲ್ಲಿ ಬೀಗದ ಚಾಕು! ಇಲ್ಲಿ ಕಾನೂನಿನ ಮಾತು ತಿಳಿದಿರುವುದು ಒಳ್ಳೆಯದು. 1959ರ ಶಸ್ತ್ರಾಸ್ತ್ರ ಕಾಯಿದೆಯ ಕೆಳಗಿನ 2016ರ ನಿಯಮಗಳು ಹರಿತವಾದ ಆಯುಧಗಳ ವರ್ಗದಲ್ಲಿ ಎಣಿಸುವುದು ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲ ಅಲಗಿನವುಗಳನ್ನು. ಮನೆಬಳಕೆ, ಕೃಷಿ, ವಿಜ್ಞಾನ, ಕೈಗಾರಿಕೆಗಳಿಗಾಗಿ ಮಾಡಿದವುಗಳನ್ನು ಅದರಿಂದ ಹೊರಗಿಟ್ಟಿವೆ. ಮೂರು ಇಂಚಿನ ಕಸಿಯ ಚಾಕು ಆ ಎಣಿಕೆಗೆ ಬರುವುದಿಲ್ಲ. ಆದರೆ 1951ರ ಮಹಾರಾಷ್ಟ್ರ ಪೊಲೀಸ್ ಕಾಯಿದೆಯ ಕಲಮು 37ರ ಮೇರೆಗೆ ಶಾಂತಿಪಾಲನೆಗಾಗಿ ಆಜ್ಞೆ ಹೊರಟಾಗ ಸಾರ್ವಜನಿಕ ಸ್ಥಳದಲ್ಲಿ ಚಾಕು ಒಯ್ಯುವುದನ್ನೂ ನಿಷೇಧಿಸಬಹುದು. ಅಂಥ ದಿನಗಳಲ್ಲಿ ಚಾಕು ತೋಟದಲ್ಲಿರಬೇಕೇ ಹೊರತು ಜಾತ್ರೆಯ ಗದ್ದಲದಲ್ಲಲ್ಲ.

ಕಲಮು ಎಂಬ ಶಬ್ದವೂ ಈ ಗಡಿಯಲ್ಲಿ ಮೂರು ಮನೆಯ ನೆಂಟ. ಶಾಲೆಯಲ್ಲಿ ಅದು ಲೇಖನಿ, ಕಚೇರಿಯಲ್ಲಿ ಕಾಯಿದೆಯ ವಿಧಿ, ತೋಟದಲ್ಲಿ ಮರಾಠಿಯ ಬಾಯಿಂದ ಬಂದಾಗ ಕಸಿ. ಹಿಂದೆ ಬರೆಯುವ ಲಾಳದ ಕಡ್ಡಿಯ ಮೊನೆಯನ್ನೂ ಚಾಕುವಿನಿಂದಲೇ ಕೆತ್ತಬೇಕಾಗಿತ್ತು. ಬರಹಕ್ಕೂ ಬೆಳೆಗೂ ಬೇಕಾದದ್ದು ಒಂದೇ: ಓರೆಯಾದ, ಶುದ್ಧವಾದ ಕೊಯ್ತ.

ಕೊನೆಯ ಮಾತು ಟೋಳಿಯ ಹಿರಿಯನಿಂದ ಬಂದಿತು. ಹುಡುಗ ಅವನೆದುರು ಹಳೆಯ ಚಾಕುವನ್ನಿಟ್ಟು ಕೇಳಿದ:

"ಕಾಕಾ, ಹೊಸಾದು ತಗೋಳ್ಲ್ಯೋ ಬ್ಯಾಡೋ?"

ಹಿರಿಯ ಅಲಗನ್ನು ಬೆಳಕಿಗೆ ಹಿಡಿದ. ಸುತಳಿ, ಕೊಳವೆ, ತಂತಿ ಎಲ್ಲವನ್ನೂ ಕೊಯ್ದು ಅಂಚು ಹಲ್ಲುಹಲ್ಲಾಗಿತ್ತು.

"ಇದನ್ನ ಸಾಣಿ ಯಾವಾಗ ಹಿಡದಿ, ತಮ್ಮಾ?"

ಹುಡುಗ ಸುಮ್ಮನಾದ.

"ಮೊದಲ ಸಾಣಿಕಲ್ಲ ತಗೋ. ಬೆರಳ ಉಳಿಬೇಕಂದ್ರ ಬೀಗದ ಚಾಕೂನೂ ತಗೋ, ಬ್ಯಾಡನ್ನಂಗಿಲ್ಲ. ಆದರ ಅದನ್ನ ಖಿಸೆದಾಗ ಇಡಬ್ಯಾಡ. ಸುತಳಿ ಕೊಯ್ಯೋ ಚಾಕು ಬ್ಯಾರೆ, ಕಡ್ಡಿ ಕೊಯ್ಯೋ ಚಾಕು ಬ್ಯಾರೆ."

ತಾಯಿಯ ಪ್ರಶ್ನೆಗೂ ತಂಗಿಯ ಲೆಕ್ಕಕ್ಕೂ ಆ ಮಾತಿನಲ್ಲಿ ಉತ್ತರವಿತ್ತು. ಖಿಸೆಗೆ ಬೆಲೆಯ ಚಾಕು ಬೇಡ. ಅಲ್ಲಿರುವುದು ಒಂದಲ್ಲ ಒಂದು ದಿನ ಕಳೆಯುತ್ತದೆ, ಉಳ್ಳಾಗಡ್ಡಿಗೆ ಅಷ್ಟು ಹದನೂ ಬೇಡ. ಪಗಾರವೂ ಬೆರಳೂ ಯಾವ ಅಲಗನ್ನು ನಂಬಿವೆಯೋ ಅದಕ್ಕೆ ಮಾತ್ರ ಹಣ ಹಾಕುವುದು ದುಂದಲ್ಲ. ಸಾಣೆ ಹಿಡಿಯಲು ಕಲಿಯದ ಕೈಗೆ ಅದೂ ನಾಲ್ಕು ವಾರದಲ್ಲಿ ಅಗ್ಗದ ಚಾಕುವೇ ಆಗುತ್ತದೆ.

ಸೆಪ್ಟೆಂಬರಿನ ಒಂದು ಮುಂಜಾವು ಟೋಳಿ ತೋಟಕ್ಕಿಳಿಯಿತು. ಹುಡುಗ ಬಟ್ಟೆಯ ಚೀಲದಿಂದ ಹೊಸ ಚಾಕು ತೆಗೆದು, ಬೀಗ ಬಿದ್ದ ಸದ್ದು ಕೇಳಿಸಿಕೊಂಡು, ಮೊದಲ ಕಡ್ಡಿಯನ್ನು ಕೆತ್ತಿದ. ಕೊಯ್ತದ ಮುಖ ನುಣುಪಾಗಿ ಹೊಳೆಯಿತು. ಪಟ್ಟಿಯ ಕಟ್ಟು ಬಿಚ್ಚಬೇಕಾದಾಗ ಹೊಸದನ್ನು ಒರೆಸಿ ಬದಿಗಿಟ್ಟು ಖಿಸೆಯಿಂದ ಹಳೆಯದನ್ನು ತೆಗೆದ. ಸಾಣೆ ಕಂಡ ಮೇಲೆ ಅದೂ ಚೆನ್ನಾಗಿ ಕೊಯ್ಯುತ್ತಿತ್ತು.

ಮನೆಯಲ್ಲಿ ತಂಗಿ ನೋಟುಬುಕ್ಕಿನ ಆ ಪುಟವನ್ನು ಹರಿದು ಗೋಡೆಗೆ ಅಂಟಿಸಿದ್ದಾಳೆ. ಲೆಕ್ಕದ ಕೆಳಗೆ ಎಂಟು ಮನೆಗಳನ್ನು ಗೀಚಿ, ಮೊದಲನೆಯದರಲ್ಲಿ ಆ ವರ್ಷದ ಇಸವಿಯನ್ನು ಬರೆದಿದ್ದಾಳೆ. ಉಳಿದ ಏಳು ಖಾಲಿ ಇವೆ.