ಮಲ್ಪೆಯ ಕಡಲಲ್ಲಿ ಆರಿದ ಬೆಂಕಿ

ಕಳೆದ ಡಿಸೆಂಬರ್ ರಜೆಯಲ್ಲಿ ಮಗಳು, ಅಳಿಯ ಹಾಗೂ ಹನ್ನೊಂದು ವರ್ಷದ ಮೊಮ್ಮಗ ಅಮೆರಿಕದಿಂದ ಮಂಗಳೂರಿಗೆ ಬಂದಿದ್ದರು. ಬರುವ ಮುನ್ನ ಅವರು ಹವಾಯಿ ದ್ವೀಪಕ್ಕೆ ಪ್ರವಾಸ ಹೋಗಿ, ಅಲ್ಲಿಯ ಜ್ವಾಲಾಮುಖಿ ರಾಷ್ಟ್ರೀಯ ಉದ್ಯಾನವನ್ನು ನೋಡಿದ್ದರು. 1916ರಲ್ಲಿ ಸ್ಥಾಪನೆಯಾದ ಆ ಉದ್ಯಾನದಲ್ಲಿ ಕಿಲವೇಯ, ಮೌನಾ ಲೋವಾ ಎಂಬ ಎರಡು ಜೀವಂತ ಜ್ವಾಲಾಮುಖಿಗಳಿವೆ. 2018ರಲ್ಲಿ ಕಿಲವೇಯ ಸ್ಫೋಟಗೊಂಡಾಗ ಸುಮಾರು ಏಳುನೂರು ಮನೆಗಳು ಲಾವಾ ಪ್ರವಾಹಕ್ಕೆ ಆಹುತಿಯಾದವು. ಮೊಮ್ಮಗ ಆ ಚಿತ್ರಗಳನ್ನು ಒಂದೊಂದಾಗಿ ತೋರಿಸಿ, "ಮುತ್ಯಾ, ನಮ್ಮ ಇಂಡಿಯಾದಾಗ ಇಂಥದ್ದು ಏನೂ ಇಲ್ಲೇನು?" ಎಂದು ಕೇಳಿದನು.

ಆ ಪ್ರಶ್ನೆಯಲ್ಲಿ ಕುಚೋದ್ಯವಿರಲಿಲ್ಲ. ಆದರೂ ಅದು ನನ್ನನ್ನು ಚುಚ್ಚಿತು. ಅಂಡಮಾನ್ ಸಮುದ್ರದಲ್ಲಿ ಬ್ಯಾರನ್ ದ್ವೀಪವಿದೆ, ದೀರ್ಘಕಾಲ ಶಾಂತವಾಗಿದ್ದ ಅದು 1991ರಲ್ಲಿ ಮತ್ತೆ ಬೆಂಕಿಯುಗುಳಿತು ಎಂದು ಹೇಳಿದೆ. "ಅಲ್ಲಿಗೆ ಹೋಗಬಹುದೇ?" ಎಂದನು. ಅದು ನಿರ್ಜನ ದ್ವೀಪ. ರಜೆಯ ಎರಡು ವಾರಗಳಲ್ಲಿ ಅವನನ್ನು ಅಲ್ಲಿಗೆ ಕರೆದೊಯ್ಯುವುದು ನನ್ನಿಂದ ಆಗದ ಮಾತು. ಆಗ ನೆನಪಾದದ್ದು ಮಲ್ಪೆಯ ಸೇಂಟ್ ಮೇರಿಸ್ ದ್ವೀಪ. ವಿಜಯಪುರ ಜಿಲ್ಲೆಯ ಡೋಣಿ ನದಿಯ ಸೀಮೆಯಿಂದ ನೌಕರಿಯ ನಿಮಿತ್ತ ಮಂಗಳೂರಿಗೆ ಬಂದು ಮೂವತ್ತು ವರ್ಷ ಕಳೆದಿದ್ದರೂ, ಅರುವತ್ತು ಕಿಲೋಮೀಟರ್ ದೂರದ ಆ ದ್ವೀಪವನ್ನು ನಾನೂ ನೋಡಿರಲಿಲ್ಲ. ಬಯಲುಸೀಮೆಯವರಿಗೆ ಕಡಲೆಂದರೆ ದಡದಲ್ಲಿ ನಿಂತು ನೋಡುವ ವಸ್ತು.

ಮರುದಿನ ಬೆಳಿಗ್ಗೆ ಕಟಕ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಂಡು ಹೊರಟೆವು. ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು ದಾಟಿ ಉಡುಪಿ, ಅಲ್ಲಿಂದ ಮಲ್ಪೆ. ಮೀನುಗಾರಿಕೆಯ ದೋಣಿಗಳಿಂದ ಕಿಕ್ಕಿರಿದ ಬಂದರನ್ನು ನೋಡಿಕೊಂಡು ಪ್ರವಾಸಿ ದೋಣಿಯನ್ನೇರಿದೆವು. ನನ್ನ ಹೆಂಡತಿ ದಾರಿಯುದ್ದಕ್ಕೂ ಒಂದು ಕೈಯಲ್ಲಿ ದೋಣಿಯ ಅಂಚನ್ನು, ಇನ್ನೊಂದರಲ್ಲಿ ಮೊಮ್ಮಗನ ಅಂಗಿಯನ್ನು ಹಿಡಿದೇ ಕುಳಿತಿದ್ದಳು. ಕೆಲಹೊತ್ತಿನಲ್ಲಿ ನೀಲಿ ನೀರಿನ ಮೇಲೆ ತೆಂಗಿನ ಮರಗಳ ಸಾಲೊಂದು ತೇಲುತ್ತಿರುವಂತೆ ದ್ವೀಪ ಕಾಣಿಸಿತು.

ಇವು ವಾಸ್ತವವಾಗಿ ನಾಲ್ಕು ಮುಖ್ಯ ದ್ವೀಪಗಳ ಸಮೂಹ. ಪ್ರವಾಸಿಗರು ಇಳಿಯುವ ತೆಂಗಿನ ದ್ವೀಪ ಸುಮಾರು ಅರ್ಧ ಕಿಲೋಮೀಟರ್ ಉದ್ದ, ನೂರು ಮೀಟರ್ ಅಗಲವಿದೆ. ಜನವಸತಿ ಇಲ್ಲ. 1498ರಲ್ಲಿ ಕಲ್ಲಿಕೋಟೆಗೆ ಬಂದುಹೋದ ಪೋರ್ಚುಗೀಸ್ ನಾವಿಕ ವಾಸ್ಕೋ ಡ ಗಾಮ ಇಲ್ಲಿ ಇಳಿದು, ಮೇರಿ ಮಾತೆಯ ಹೆಸರನ್ನು ಇಟ್ಟನೆಂಬುದು ರೂಢಿಯಲ್ಲಿರುವ ಕಥೆ. ಆದರೆ ಇಲ್ಲಿನ ಕಲ್ಲುಗಳ ಕಥೆಯ ಮುಂದೆ ಐದು ಶತಮಾನಗಳು ಕಣ್ಣೆವೆ ಮುಚ್ಚಿ ತೆರೆಯುವಷ್ಟು ಕಾಲವೂ ಅಲ್ಲ.

ದ್ವೀಪದ ಅಂಚಿನಲ್ಲಿ ಕಲ್ಲಿನ ಕಂಬಗಳು ಒತ್ತೊತ್ತಾಗಿ ನಿಂತಿವೆ. ಕೆಲವು ಆಳೆತ್ತರ, ಕೆಲವು ಅದಕ್ಕೂ ಮೂರುಪಟ್ಟು. ಐದು, ಆರು, ಏಳು ಮುಖಗಳ ಆ ಕಂಬಗಳನ್ನು ಕಂಡರೆ ಯಾರೋ ಶಿಲ್ಪಿಗಳು ಕಡೆದು ಜೋಡಿಸಿ, ಕೆಲಸವನ್ನು ಅರ್ಧಕ್ಕೆ ಬಿಟ್ಟು ಹೋದಂತೆ ತೋರುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಸುಮಾರು ಎಂಟು ಕೋಟಿ ಎಂಬತ್ತು ಲಕ್ಷ ವರ್ಷಗಳ ಹಿಂದೆ, ಇಂದು ಆಫ್ರಿಕಾದ ಬಳಿ ಇರುವ ಮಡಗಾಸ್ಕರ್ ನಮ್ಮ ಭೂಭಾಗಕ್ಕೆ ಅಂಟಿಕೊಂಡಿದ್ದು, ಬೇರ್ಪಡಲು ಆರಂಭಿಸಿತ್ತು. ನೆಲ ಸೀಳಿದ ಆ ಸಮಯದಲ್ಲಿ ಹೊರಚಿಮ್ಮಿದ ಲಾವಾರಸವೇ ಈ ಕಲ್ಲು ಎಂದು ವಿಜ್ಞಾನಿಗಳು ಹೇಳುತ್ತಾರೆ. ಎಂದರೆ ಇವು ಎರಡು ಭೂಖಂಡಗಳು ಅಗಲಿದ ಗುರುತು.

"ಕಂಬಗಳನ್ನು ಯಾರು ಕಡೆದರು?" ಎಂದು ಮೊಮ್ಮಗ ಕೇಳಿದನು. ನನಗೆ ತಟ್ಟನೆ ನಮ್ಮ ಎರೆಹೊಲ ನೆನಪಾಯಿತು. ಬೇಸಿಗೆಯಲ್ಲಿ ನೀರಾರಿದ ಎರೆಮಣ್ಣು ಕುಗ್ಗಿ, ಹೊಲವೆಲ್ಲ ಬಿರುಕು ಬಿಟ್ಟು, ನೆಲದ ಮೇಲೆ ಹಲವು ಮೂಲೆಗಳ ಹೆಂಚು ಹಾಸಿದಂತೆ ಕಾಣುತ್ತದೆ. ಚಿಕ್ಕವರಿದ್ದಾಗ ಆ ಬಿರುಕುಗಳಲ್ಲಿ ಗೋಲಿಗುಂಡು ಕಳೆದುಕೊಂಡು ಅತ್ತವರು ನಾವು. ಅಲ್ಲಿ ಮಣ್ಣು ಒಣಗಿ ಕುಗ್ಗಿದರೆ, ಇಲ್ಲಿ ಲಾವಾರಸ ತಣಿದು ಕುಗ್ಗಿತು. ಮೇಲ್ಮೈಯಲ್ಲಿ ಮೂಡಿದ ಬಿರುಕು ತಣಿಯುತ್ತ ತಣಿಯುತ್ತ ಆಳಕ್ಕೆ ಇಳಿದು, ಕಲ್ಲು ಕಂಬಕಂಬವಾಗಿ ಸೀಳಿತು. ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ ಎಂಬ ಪ್ರಸಿದ್ಧ ತಾಣದ ಸುಮಾರು ನಲವತ್ತು ಸಾವಿರ ಕಂಬಗಳೂ ಹೀಗೆಯೇ ಆದವು.

ಇಷ್ಟು ಹೇಳಿದ ಉತ್ಸಾಹದಲ್ಲಿ ನಾನೊಂದು ತಪ್ಪು ಮಾಡಿದೆ. "ಆ ಕಂಬದ ಮೇಲೆ ನಿಲ್ಲು, ಫೋಟೋ ತೆಗೆಯುತ್ತೇನೆ" ಎಂದು ನಾನೇ ಅವನನ್ನು ನೀರಿನಂಚಿಗೆ ಕಳುಹಿಸಿದೆ. ಕಂಬ ಒದ್ದೆಯಾಗಿತ್ತು. ಅವನು ತಿರುಗಿ ನಗುವಷ್ಟರಲ್ಲಿ ಒಂದು ತೆರೆ ಎದೆಯೆತ್ತರಕ್ಕೆ ಬಂದು ಅಪ್ಪಳಿಸಿತು; ಕಾಲು ಜಾರಿತು. ಅಷ್ಟರಲ್ಲಿ ಸೀಟಿಯ ಸದ್ದು ಕೇಳಿತು. ಕಾವಲಿಗಿದ್ದ ತರುಣನೊಬ್ಬ ಧಾವಿಸಿ ಅವನ ರಟ್ಟೆ ಹಿಡಿದು ಈಚೆಗೆ ಎಳೆದನು. ಮೊಣಕಾಲು ತರಚಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. "ಕಲ್ಲು ಪಾಚಿ ಹಿಡಿದಿದೆ ಮಾರಾಯ್ರೇ. ಕಡಲು ಹೇಳಿ ಕೇಳಿ ಬರುವುದಿಲ್ಲ. ಹಿರಿಯರು ನೀವೇ ಹೀಗೆ ಮಾಡಿದರೆ ಹೇಗೆ?" ಎಂದನು ಆ ತರುಣ. ನನ್ನ ಬಳಿ ಉತ್ತರವಿರಲಿಲ್ಲ. ಮಗಳು ಒಂದು ಮಾತನ್ನೂ ಆಡದೆ ಮಗನ ಗಾಯ ತೊಳೆದಳು. ಆ ಮೌನ ಬೈಗುಳಕ್ಕಿಂತ ಭಾರವಾಗಿತ್ತು.

ದಡಕ್ಕೆ ಮರಳಿ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಮೊಮ್ಮಗ ರೊಟ್ಟಿ ಮುರಿಯುತ್ತ, "ನಮ್ಮ ಹೊಲದ ಬಿರುಕು ಹಾಗೇ ಇರುತ್ತದೆ ಎಂದಿರಲ್ಲ, ಹಾಗಾದರೆ ಆ ಮಣ್ಣೂ ಬೆಂಕಿಯಿಂದ ಬಂದದ್ದೇನು?" ಎಂದನು. ನಾನು ಹೋಲಿಕೆಗಾಗಿ ಹೇಳಿದ ಮಾತನ್ನು ಅವನು ನಿಜವೆಂದು ಹಿಡಿದಿದ್ದನು. ಅದು ನಿಜವೇ ಆಗಿತ್ತು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ದಖ್ಖನ್ ಪ್ರಸ್ಥಭೂಮಿಯ ಮೇಲೆ ಪದರ ಪದರವಾಗಿ ಹರಿದ ಲಾವಾ ಗಟ್ಟಿಯಾಗಿ ಕಪ್ಪು ಕಲ್ಲಾಯಿತು. ಆ ಕಲ್ಲು ಯುಗಯುಗಾಂತರ ಸವೆದು ನಮ್ಮ ಸೀಮೆಯ ಎರೆಮಣ್ಣಾಯಿತು. ಅವನ ಕೈಯಲ್ಲಿದ್ದ ಬಿಳಿಜೋಳದ ರೊಟ್ಟಿ ಅದೇ ಮಣ್ಣಿನ ಬೆಳೆ. ಹಾಗೆ ನೋಡಿದರೆ ಮಲ್ಪೆಯ ಕಂಬಗಳು ನಮ್ಮ ಹೊಲಕ್ಕಿಂತ ಎರಡು ಕೋಟಿ ವರ್ಷಗಳಿಗೂ ಹೆಚ್ಚು ಹಿರಿಯವು.

ಈ ಮಾತು ಹೇಳುವಾಗ ನನ್ನ ಧ್ವನಿ ತಡವರಿಸಿತು. ಅದಕ್ಕೆ ಕಾರಣ ಮನೆಯವರಿಗೆಲ್ಲ ಗೊತ್ತಿತ್ತು. ಊರಿನಲ್ಲಿ ಉಳಿದಿರುವ ನಾಲ್ಕು ಎಕರೆ ಎರೆಹೊಲವನ್ನು ಮಾರಿಬಿಡುವ ಮಾತುಕತೆ ನಡೆದಿತ್ತು. ನೋಡಿಕೊಳ್ಳುವವರಿಲ್ಲ, ನನಗೆ ವಯಸ್ಸಾಯಿತು, ಮಗಳು ಸಮುದ್ರದಾಚೆ ಇದ್ದಾಳೆ. ಕಾರಣಗಳೆಲ್ಲ ಸರಿಯಾದವೇ. ಫೆಬ್ರುವರಿಯಲ್ಲಿ ಕಾಗದಪತ್ರ ಮಾಡುವುದೆಂದು ಒಪ್ಪಿದ್ದೆ. "ಮುತ್ಯಾ, ನನಗೆ ಆ ಹೊಲ ತೋರಿಸಿರಿ" ಎಂದನು ಹುಡುಗ. ಹವಾಯಿಯ ಬೆಂಕಿಯನ್ನು ಕಂಡುಬಂದವನಿಗೆ ನನ್ನ ತಂದೆ ಉತ್ತ ನೆಲವನ್ನು ತೋರಿಸಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ದ್ವೀಪಕ್ಕೆ ಹೋಗುವ ಓದುಗರಿಗೆ ಎರಡು ಮಾತು. ಮಳೆಗಾಲದಲ್ಲಿ ದೋಣಿಗಳು ನಿಲ್ಲುತ್ತವೆ; ಡಿಸೆಂಬರ್, ಜನವರಿ ತಿಂಗಳುಗಳು ಹಿತಕರ. ನೀರು ಎಷ್ಟು ಶಾಂತವಾಗಿ ಕಂಡರೂ ಅಂಚಿನ ಕಲ್ಲುಗಳನ್ನೇರಬಾರದು. ಫೋಟೋದ ಆಸೆಗಂತೂ ಮಕ್ಕಳನ್ನು ಅಲ್ಲಿ ನಿಲ್ಲಿಸಲೇಬಾರದು. ಕಂಬಗಳ ಮೇಲೆ ಹೆಸರು ಕೆತ್ತುವುದು, ಚೂರು ಮುರಿದು ತರುವುದು ಬೇಡ. ಹೊಸದಾಗಿ ಕಂಬ ಮೂಡಿಸಲು ಅಲ್ಲಿ ಬೆಂಕಿ ಉಳಿದಿಲ್ಲ.

ರಜೆ ಮುಗಿಯುವ ಮುನ್ನ ವಿಜಯಪುರಕ್ಕೆ ರಾತ್ರಿ ಬಸ್ಸಿಗೆ ನಾಲ್ಕು ಟಿಕೆಟ್ ತೆಗೆಸಿದೆ. ಹೊಲದಲ್ಲಿ ಜೋಳ ತೆನೆಯೊಡೆದು ನಿಂತಿತ್ತು. ಮೊಮ್ಮಗ ಒಂದು ಹಿಡಿ ಮಣ್ಣೆತ್ತಿ ಮೂಸಿ ನೋಡಿ, "ಬೆಂಕಿಯ ವಾಸನೆ ಇಲ್ಲ" ಎಂದು ನಿರಾಶನಾದನು. ಎಲ್ಲರೂ ನಕ್ಕೆವು. ಹೊಲವನ್ನು ಮಾರುವುದೋ ಬಿಡುವುದೋ ನಾನಿನ್ನೂ ತೀರ್ಮಾನಿಸಿಲ್ಲ. ಫೆಬ್ರುವರಿಯ ಕಾಗದಪತ್ರವನ್ನು ಮಾತ್ರ ಮುಂದೂಡಿದ್ದೇನೆ. ಮುಂದಿನ ಬೇಸಿಗೆಯಲ್ಲಿ ನೆಲ ಬಿರಿದಾಗ ಆ ಬಿರುಕುಗಳ ಚಿತ್ರ ಕಳುಹಿಸಬೇಕೆಂದು ಅವನು ನನ್ನಿಂದ ಮಾತು ತೆಗೆದುಕೊಂಡು ಹೋಗಿದ್ದಾನೆ.