ಮಧ್ಯಮ ಪುರುಷ

ಸಕ್ಕರೆ ಕಾಯಿಲೆಯವರಿಗೆ ನಮ್ಮ ಸಮಾಜದಲ್ಲಿ ಒಂದು ಅಂತಸ್ತಿದೆ. ಮದುವೆಯ ಪಂಕ್ತಿಯಲ್ಲಿ ಹೋಳಿಗೆ ಬಡಿಸುವವನು ಹತ್ತಿರ ಬಂದೊಡನೆ ಎಲೆಯ ಮೇಲೆ ಎರಡು ಕೈಯನ್ನೂ ಅಡ್ಡ ಹಿಡಿದು, "ಬೇಡಪ್ಪ, ಶುಗರ್" ಎನ್ನುವವರ ದನಿಯಲ್ಲಿ ಸಂಕೋಚವೇನೂ ಇರುವುದಿಲ್ಲ. ತುಸು ಹೆಮ್ಮೆಯೇ ಇದ್ದರೂ ಇದ್ದೀತು. ಪಕ್ಕದ ಎಲೆಯವರು, "ನಿಮಗೆ ಎಷ್ಟಿದೆ?" ಎಂದು ವಿಚಾರಿಸುತ್ತಾರೆ. ಅದರಾಚೆಯವರು ತಮ್ಮ ರಕ್ತದೊತ್ತಡದ ಅಂಕಿಗಳನ್ನು ಒಪ್ಪಿಸುತ್ತಾರೆ. ಮೊಸರನ್ನ ಬರುವ ವೇಳೆಗೆ ಮೂವರೂ ಒಂದೇ ಗೋತ್ರದವರಾಗಿರುತ್ತಾರೆ.

ಅದೇ ಪಂಕ್ತಿಯಲ್ಲಿ ಕುಳಿತು, "ನನಗೆ ಇನ್ನೊಂದು ಲೋಟ ನೀರು ಬೇಕಪ್ಪ, ನಾನು ಲೀಥಿಯಂ ಮಾತ್ರೆ ತೆಗೆದುಕೊಳ್ಳುವವನು" ಎಂದವರನ್ನು ನಾನು ಈವರೆಗೆ ಕಂಡಿಲ್ಲ. ಅಂಥವರು ಪಂಕ್ತಿಯಲ್ಲಿ ಇಲ್ಲವೆಂದಲ್ಲ, ಇದ್ದೇ ಇರುತ್ತಾರೆ. ಮನಸ್ಸಿನ ಕಾಯಿಲೆಗೆ ಮಾತ್ರ ನಮ್ಮಲ್ಲಿ ಪಂಕ್ತಿಭೇದ. ಈ ಭೇದವನ್ನು ಕಳೆಯಲು ಹೆಸರು ಬದಲಾಯಿಸಿದರೆ ಸಾಕೆಂದು ಹಿರಿಯರು ನಂಬಿದ್ದರೆಂದು ತೋರುತ್ತದೆ. ಬೆಂಗಳೂರಿನ ಹುಚ್ಚರ ಆಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆಯಾಯಿತು. 1954ರಲ್ಲಿ ಅದರ ಮಗ್ಗುಲಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಹೆಸರಿನೊಡನೆ ಕುಚೋದ್ಯವೂ ಬದಲಾಯಿತು, ಅಷ್ಟೆ. ನಮ್ಮ ಕಾಲೇಜಿನ ಹುಡುಗರು ತರಲೆ ಮಾಡುವ ಗೆಳೆಯನನ್ನು ಈಗ ನಿಮ್ಹಾನ್ಸಿಗೆ ಸೇರಿಸಬೇಕು ಎನ್ನುತ್ತಾರೆ. ದೇಶದ ನಾನಾ ಮೂಲೆಗಳಿಂದ ರೋಗಿಗಳು ಆಸೆ ಹೊತ್ತು ಬರುವ ಸಂಸ್ಥೆ, ಅದು ಇರುವ ಊರಿನ ಬಾಯಲ್ಲಿ ಒಂದು ಬೈಗುಳ!

ಇರಲಿ. ಜನ ಏನನ್ನುತ್ತಾರೆಂಬುದನ್ನು ಕುರಿತು ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ನಾನು ಹೇಳಬೇಕೆಂದಿರುವುದು ಜನರನ್ನೆಲ್ಲ ದಾಟಿ, ಧೈರ್ಯ ಮಾಡಿ, ವೈದ್ಯರ ಕೋಣೆಯ ಒಳಗೆ ಹೋದ ಮೇಲಿನ ಮಾತು. ನನ್ನ ತಂಗಿಗೆ ಹತ್ತೊಂಬತ್ತನೆಯ ವಯಸ್ಸಿನಲ್ಲಿ, 2004ರಲ್ಲಿ, ಮನಸ್ಸಿನ ಕಾಯಿಲೆ ಕಾಣಿಸಿತು. ಕೆಲವು ವಾರ ಸಮುದ್ರದ ಉಬ್ಬರದಂತೆ ನಿದ್ದೆಯಿಲ್ಲದ ಉತ್ಸಾಹ, ಆಮೇಲೆ ತಿಂಗಳುಗಟ್ಟಲೆ ಇಳಿತ. ಅದಕ್ಕೆ ಬೈಪೋಲಾರ್ ಎಂದು ಹೆಸರು. ಅಂದಿನಿಂದ ಹಲವು ಆಸ್ಪತ್ರೆಗಳ ಬೆಂಚುಗಳ ಮೇಲೆ ಕುಳಿತಿದ್ದೇನೆ. ವ್ಯಾಕರಣ ಪಾಠ ಹೇಳಿ ಹೊಟ್ಟೆ ಹೊರೆಯುವವನ ಕಿವಿ ಎಲ್ಲಿ ಹೋದರೂ ಪ್ರತ್ಯಯಗಳನ್ನೇ ಹೆಕ್ಕುತ್ತಿರುತ್ತದೆ. ಆ ಕೋಣೆಗಳಲ್ಲಿ ನನ್ನ ಕಿವಿಗೆ ಮೊದಲು ಬಿದ್ದದ್ದು ಸರ್ವನಾಮಗಳು.

ಮಾತನಾಡುವವನು ಉತ್ತಮ ಪುರುಷ, ಕೇಳುವವನು ಮಧ್ಯಮ ಪುರುಷ, ಎದುರಿಗಿಲ್ಲದವನು ಅನ್ಯ ಪುರುಷ ಎಂದು ಮಕ್ಕಳಿಗೂ ಗೊತ್ತು. ಮನೋವೈದ್ಯರ ಕೋಣೆಯಲ್ಲಿ ಈ ಸೂತ್ರ ತಲೆಕೆಳಗಾಗುತ್ತದೆ. ತಂಗಿ ಮೇಜಿನ ಎದುರಿಗೇ ಕುಳಿತಿರುತ್ತಿದ್ದಳು. ಪಕ್ಕದಲ್ಲಿ ನಮ್ಮ ತಂದೆ. ಮೂರನೆಯ ಕುರ್ಚಿ ಇಲ್ಲದ್ದರಿಂದ ನಾನು ಬಾಗಿಲ ಬಳಿ. ವೈದ್ಯರು ತಂದೆಯ ಮುಖ ನೋಡಿ ಕೇಳುತ್ತಿದ್ದರು: "ಹೇಗಿದ್ದಾರೆ? ನಿದ್ದೆ ಮಾಡುತ್ತಾರಾ? ಮಾತ್ರೆ ಸರಿಯಾಗಿ ನುಂಗುತ್ತಾರಾ?" ತಂದೆ ಹೇಳುತ್ತಿದ್ದರು: "ಗಲಾಟೆ ಏನೂ ಇಲ್ಲ ಡಾಕ್ಟರೇ, ಅವಳ ಪಾಡಿಗೆ ಅವಳಿರುತ್ತಾಳೆ." "ಸರಿ, ಅದನ್ನೇ ಮುಂದುವರಿಸಿ. ಎರಡು ತಿಂಗಳು ಬಿಟ್ಟು ಕರೆದುಕೊಂಡು ಬನ್ನಿ." ಗಮನಿಸಿ, "ಬನ್ನಿ" ಅಲ್ಲ, "ಕರೆದುಕೊಂಡು ಬನ್ನಿ". ತಾನಾಗಿ ನಡೆದು ಬಂದ ಹುಡುಗಿ ಆ ವಾಕ್ಯದಲ್ಲಿ ಕರ್ತೃವಲ್ಲ, ಕರ್ಮ.

ಇದನ್ನು ವ್ಯಾಕರಣದ ಮೇಷ್ಟರ ಹುಳುಕು ಎಂದು ನೀವು ತಳ್ಳಿಹಾಕಬಹುದು. ನಾನೂ ತಳ್ಳಿಹಾಕುತ್ತಿದ್ದೆನೋ ಏನೋ, ರಂಗೋಲಿಯ ಸಂಗತಿ ನಡೆಯದಿದ್ದರೆ. ತಂಗಿಗೆ ರಂಗೋಲಿಯೆಂದರೆ ಪ್ರಾಣ. ಚುಕ್ಕಿಯಿಂದ ಚುಕ್ಕಿಗೆ ಅವಳು ಎಳೆದ ಗೆರೆ ನೂಲು ಹಿಡಿದಂತಿರುತ್ತಿತ್ತು. 2011ರ ಬೇಸಿಗೆಯಲ್ಲಿ ಆ ಗೆರೆ ನಡುಗತೊಡಗಿತು. ಕೆಲವು ದಿನಗಳಲ್ಲಿ ರಂಗೋಲಿಯೇ ನಿಂತಿತು. ಹೊಟ್ಟೆ ತೊಳಸುವುದು, ನಾಲಗೆ ಒಣಗುವುದು, ನಡೆಯುವಾಗ ಕಾಲು ತೊಡರುವುದು. ವೈದ್ಯರ ಮುಂದೆ ಒಮ್ಮೆ ಅವಳೇ, "ಕೈ ನಡುಗುತ್ತದೆ" ಎಂದು ಬಾಯಿ ತೆರೆದಳು. "ಔಷಧಿ ಎಂದ ಮೇಲೆ ಅಷ್ಟಿಷ್ಟು ಇರುತ್ತದೆ ಎಂದು ಇವರಿಗೆ ಹೇಳಿ" ಎಂದು ಅವರು ತಂದೆಗೆ ಹೇಳಿದರು. ಗಲಾಟೆ ಇಲ್ಲವಲ್ಲ! ಮನೆಯವರಿಗೆ ಗಲಾಟೆ ನಿಂತರೆ ಕಾಯಿಲೆ ಗುಣವಾದಂತೆ. ರೋಗಿಗೆ ಹಾಗಲ್ಲ, ಅವಳ ಲೆಕ್ಕದಲ್ಲಿ ಬದುಕು ಆ ನಡುಗುವ ಗೆರೆಯಲ್ಲಿತ್ತು.

ಆ ವೈದ್ಯರು ಒಂದು ತಿಂಗಳು ರಜೆಯ ಮೇಲೆ ಹೋದದ್ದು ನಮ್ಮ ಪುಣ್ಯ. ಚೀಟಿ ಮುಗಿದಿತ್ತು, ಸರ್ಕಾರಿ ಆಸ್ಪತ್ರೆಗೆ ಹೋದೆವು. ಅಲ್ಲಿ ಸರದಿ ದೊಡ್ಡದು, ಫ್ಯಾನು ಸಣ್ಣದು. ಒಳಗಿದ್ದವರು ಇನ್ನೂ ಚಿಕ್ಕ ವಯಸ್ಸಿನ ವೈದ್ಯೆ. ತಂದೆ ಎಂದಿನಂತೆ ಶುರುಮಾಡಿದಾಗ ಆಕೆ, "ನಿಮ್ಮ ಮಾತನ್ನೂ ಕೇಳುತ್ತೇನೆ ಸಾರ್, ಆಮೇಲೆ. ಐದು ನಿಮಿಷ ಹೊರಗಿರುತ್ತೀರಾ?" ಎಂದರು. ಬಾಗಿಲು ಮುಚ್ಚುವ ಮೊದಲು ನನ್ನ ಕಿವಿಗೆ ಬಿದ್ದದ್ದು ಒಂದೇ ಮಾತು: "ಈಗ ಹೇಳಿ, ನೀವು ಹೇಗಿದ್ದೀರಿ?" ಏಳು ವರ್ಷಗಳ ಬಳಿಕ ನನ್ನ ತಂಗಿ ಮಧ್ಯಮ ಪುರುಷಕ್ಕೆ ಬಂದಳು.

ಆ ಐದು ನಿಮಿಷದಲ್ಲಿ ಹೊರಬಿದ್ದದ್ದು ಇಷ್ಟು. ಮುಟ್ಟಿನ ಹೊಟ್ಟೆನೋವಿಗೆ ಅವಳು ಅಂಗಡಿಯಿಂದ ಐಬುಪ್ರೋಫೆನ್ ತರಿಸಿ ನುಂಗುತ್ತಿದ್ದಳು. ತಂದೆಯ ಎದುರಿಗೆ ಅದನ್ನು ಹೇಳುವುದೆಂತು? ವಾರಕ್ಕೊಮ್ಮೆ ನೀರೂ ಕುಡಿಯದ ಉಪವಾಸ ಬೇರೆ. ಲೀಥಿಯಂ ಒಂದು ಬಗೆಯ ಉಪ್ಪು. 1949ರಲ್ಲಿ ಆಸ್ಟ್ರೇಲಿಯದ ಜಾನ್ ಕೇಡ್ ಎಂಬ ವೈದ್ಯರು ಅದು ಉನ್ಮಾದವನ್ನು ತಣಿಸುತ್ತದೆಂದು ತೋರಿಸಿದಂದಿನಿಂದ ಲೆಕ್ಕವಿಲ್ಲದಷ್ಟು ಜೀವಗಳನ್ನು ಉಳಿಸಿದೆ. ಆದರೆ ಅದರಲ್ಲಿ ಮದ್ದಿಗೂ ವಿಷಕ್ಕೂ ನಡುವಣ ಅಂತರ ಬಹಳ ಕಿರಿದು. ಮೈಯಲ್ಲಿ ನೀರು ಕಡಿಮೆಯಾದರೆ, ಅಂಥ ನೋವಿನ ಮಾತ್ರೆ ಸೇರಿದರೆ, ಲೀಥಿಯಂ ಹೊರಹೋಗದೆ ರಕ್ತದಲ್ಲಿ ನಿಲ್ಲುತ್ತದೆ. ಅದಕ್ಕೇ ಮೂರು ತಿಂಗಳಿಗೋ ಆರು ತಿಂಗಳಿಗೋ ಒಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು. ನಮ್ಮ ಚೀಟಿಗಳ ಕಂತೆಯಲ್ಲಿ ಹುಡುಕಿದರೆ ಕೊನೆಯ ಪರೀಕ್ಷೆ ಎರಡು ವರ್ಷದ ಹಿಂದಿನದು. ಆಕೆ ಮರುದಿನವೇ ಮಾಡಿಸಿದರು. 0.6ರಿಂದ 1.0ರ ಆಸುಪಾಸಿನಲ್ಲಿರಬೇಕಾದ ಅಂಕಿ 1.5 ದಾಟಿತ್ತು. ಮಾತ್ರೆ ಕೆಲವು ದಿನ ನಿಂತಿತು, ಆಮೇಲೆ ಕಡಿಮೆಯಾಯಿತು. ನೋವಿಗೆ ಬೇರೆ ಔಷಧ ಬಂತು. ಇನ್ನು ಕೆಲವು ವಾರ ಹೀಗೇ ಕಳೆದಿದ್ದರೆ ಏನಾಗುತ್ತಿತ್ತೆಂದು ಆಕೆ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಮುರಿದ ಎಲುಬಿಗೆ ಎಕ್ಸ್‌ರೇ ಇದೆ, ಹೃದಯಕ್ಕೆ ಸ್ಟೆತಾಸ್ಕೋಪು ಇದೆ. ಬೇಸರ ಎಷ್ಟಿದೆ, ಭಯ ಎಷ್ಟಿದೆ ಎಂದು ಅಳೆಯುವ ಯಂತ್ರ ಇನ್ನೂ ಬಂದಿಲ್ಲ. ಮನೋವೈದ್ಯರಿಗಿರುವ ಮುಖ್ಯ ಉಪಕರಣ ಮಾತು. ರೋಗಿ ಆಡುವ ಮಾತು, ಆಡದೆ ನುಂಗುವ ಮಾತು. ಹೃದಯದ ವೈದ್ಯರು ಸ್ಟೆತಾಸ್ಕೋಪನ್ನು ರೋಗಿಯ ಎದೆಯ ಬದಲು ರೋಗಿಯ ತಂದೆಯ ಎದೆಗೆ ಇಟ್ಟರೆ ನಾವು ನಗುತ್ತೇವೆ. ಮನಸ್ಸಿನ ವಿಷಯದಲ್ಲಿ ಮಾತ್ರ ಅದು ಪದ್ಧತಿಯಾಗಿ ನಡೆದುಬಂದಿದೆ.

ಹಾಗೆಂದು ಮನೆಯವರನ್ನು ಹೊರಗಟ್ಟಬೇಕೆಂದು ನಾನು ಹೇಳುತ್ತಿಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಅಂಗಳದಲ್ಲಿ ಗುಡಾರಗಳನ್ನು ಹಾಕಿಸಿ, ರೋಗಿಗಳ ಜೊತೆಗೆ ಮನೆಯವರನ್ನೂ ಇರಿಸಿಕೊಂಡರು. ಕಾಯಿಲೆ ಏನೆಂದು ಕಣ್ಣಾರೆ ಕಂಡವರು ರೋಗಿಯನ್ನು ಮನೆಗೆ ಕರೆದೊಯ್ಯಲು ಹಿಂಜರಿಯಲಿಲ್ಲ. ಹೆತ್ತವರೂ ಒಡಹುಟ್ಟಿದವರೂ ಅರ್ಧ ಆಸ್ಪತ್ರೆಯ ಕೆಲಸ ಮಾಡುವುದು ನಮ್ಮ ದೇಶದ ಭಾಗ್ಯ. ಅವರಿಲ್ಲದ ಕಡೆ ಏನಾಗುತ್ತದೆಂಬುದನ್ನು 2001ರ ಆಗಸ್ಟಿನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಕಂಡೆವು. ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಮಂದಿ ಬೆಂಕಿಯಲ್ಲಿ ಸುಟ್ಟುಹೋದರು. ನಮ್ಮ ತಂದೆಯೂ ತಂಗಿಗಾಗಿ ಎಷ್ಟು ರಾತ್ರಿ ಎದ್ದಿದ್ದಾರೆಂಬುದು ನನಗೆ ಗೊತ್ತು. ಆದರೆ ರೋಗಿಯ ಕೈ ಹಿಡಿಯುವುದು ಬೇರೆ, ರೋಗಿಯ ನಾಲಗೆಯಾಗುವುದು ಬೇರೆ.

ವೈದ್ಯರ ಪಕ್ಷದಲ್ಲೂ ಹೇಳುವುದಿದೆ. ನಮ್ಮ ದೇಶದಲ್ಲಿ ಲಕ್ಷ ಜನಕ್ಕೆ ಕಡೆಯ ಪಕ್ಷ ಮೂವರು ಮನೋವೈದ್ಯರಿರಬೇಕೆಂದು ಬಲ್ಲವರು ಹೇಳುತ್ತಾರೆ. 2019ರಲ್ಲಿ ಪ್ರಕಟವಾದ ಒಂದು ಲೆಕ್ಕದಂತೆ ಇದ್ದದ್ದು 0.75. ಅಂದರೆ ಮುಕ್ಕಾಲು ವೈದ್ಯರು! ಆ ಮುಕ್ಕಾಲಿನಲ್ಲಿ ಚೀಟಿ ಬರೆಯುವ ಕೈ ಖಂಡಿತ ಇದೆ. ಇಲ್ಲದ ಕಾಲುಭಾಗ ಬಹುಶಃ ಕಿವಿಯಿರಬೇಕು. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬೇರೆಬೇರೆ ಮನೋರೋಗಗಳಿಗೆ ತುತ್ತಾದವರಲ್ಲಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ದೊರೆತ ಅದೃಷ್ಟವಂತರೇ ಸರದಿಯಲ್ಲಿ ಅಷ್ಟುದ್ದ ನಿಂತಿರುವಾಗ ಒಬ್ಬೊಬ್ಬರ ಕಥೆ ಕೇಳುವ ಪುರುಸೊತ್ತು ಯಾರಿಗಿದೆ? ಇದೆಲ್ಲ ನಿಜ. ಆದರೆ "ಹೇಗಿದ್ದಾರೆ?" ಎನ್ನಲು ಹಿಡಿಯುವಷ್ಟೇ ಹೊತ್ತು "ಹೇಗಿದ್ದೀರಿ?" ಎನ್ನಲೂ ಹಿಡಿಯುತ್ತದೆ.

ಇನ್ನು ಭಾಷೆಯ ತೊಡಕು. ನಮ್ಮ "ಬೇಜಾರು" ಎಂಬ ಒಂದು ಮಾತನ್ನೇ ತೆಗೆದುಕೊಳ್ಳಿ. ಸಿನಿಮಾ ಚೆನ್ನಾಗಿಲ್ಲದಿದ್ದರೂ ಬೇಜಾರು, ಗೆಳೆಯ ಕರೆಯದಿದ್ದರೂ ಬೇಜಾರು, ಬದುಕೇ ಬೇಡವೆನಿಸಿದರೂ ಬೇಜಾರು. "ಸಂಕಟ" ಹೊಟ್ಟೆಯದೂ ಹೌದು, ಎದೆಯದೂ ಹೌದು. ಒಂದು ಆಸ್ಪತ್ರೆಯಲ್ಲಿ ಹಳ್ಳಿಯಿಂದ ಬಂದ ಮುದುಕಿಯೊಬ್ಬಳು ಸೊಸೆ, ಹೊಲ, ಸತ್ತ ಮಗ ಎಲ್ಲವನ್ನೂ ಸೇರಿಸಿ ತನ್ನ ಸಂಕಟವನ್ನು ಬಹಳ ಹೊತ್ತು ತೋಡಿಕೊಂಡಳು. ಕನ್ನಡ ಬಾರದ ವೈದ್ಯರು ಪಕ್ಕದಲ್ಲಿದ್ದ ಸಹಾಯಕನ ಕಡೆ ತಿರುಗಿದರು. ಅವನು ಒಂದೇ ಮಾತಿನಲ್ಲಿ ಮುಗಿಸಿದ: "ಸ್ಯಾಡ್ ಅಂತೆ ಸಾರ್." ಕನ್ನಡಕ್ಕೆ ಈ ಬಡತನ ಬರಬೇಕಾಗಿರಲಿಲ್ಲ. 'ಕೊರವಂಜಿ'ಯಿಂದ ನಾಡನ್ನೇ ನಗಿಸಿದ ರಾಶಿಯವರು ವೃತ್ತಿಯಿಂದ ವೈದ್ಯರು. ಮನೋರೋಗಗಳನ್ನು ಕುರಿತ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ನಿಮ್ಹಾನ್ಸಿನ ಡಾ. ಸಿ. ಆರ್. ಚಂದ್ರಶೇಖರ್ ಅವರು ಮನಸ್ಸಿನ ಆರೋಗ್ಯವನ್ನು ಕುರಿತು ಸಾಮಾನ್ಯರಿಗೆ ತಿಳಿಯುವ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದರು. ಮಾತು ನಮ್ಮಲ್ಲಿದೆ, ಅದು ಕಪಾಟಿನಿಂದ ಆ ಮೇಜಿನವರೆಗೆ ನಡೆದು ಬರಬೇಕಷ್ಟೆ.

ಕಾನೂನು ಈ ದಾರಿಯಲ್ಲಿ ನಮಗಿಂತ ಮುಂದಿದೆ ಎಂದರೆ ಆಶ್ಚರ್ಯಪಡುತ್ತೀರಿ. 1912ರ ಕಾಯಿದೆಯಲ್ಲಿ ರೋಗಿ ಕೂಡಿಹಾಕಬೇಕಾದ ಜೀವ. 1987ರ ಕಾಯಿದೆಯಲ್ಲಿ ಸೇರಿಸಿಕೊಳ್ಳಬೇಕಾದ, ಬಿಡುಗಡೆ ಮಾಡಬೇಕಾದ ಜೀವ. 2017ರಲ್ಲಿ ಅಂಗೀಕಾರವಾಗಿ 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಲ್ಲಿ ರೋಗಿ ಹಕ್ಕುಳ್ಳ ಮನುಷ್ಯ. ಸರಪಳಿ ಹಾಕುವಂತಿಲ್ಲ, ಅರಿವಳಿಕೆ ಕೊಡದೆ ವಿದ್ಯುತ್ ಚಿಕಿತ್ಸೆ ಮಾಡುವಂತಿಲ್ಲ. ತನ್ನ ಚಿಕಿತ್ಸೆಯ ದಾಖಲೆಗಳನ್ನು ಕೇಳಿ ಪಡೆಯಬಹುದು. ಮುಂದೆ ಕಾಯಿಲೆ ಉಲ್ಬಣಿಸಿದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ನೆಟ್ಟಗಿರುವಾಗಲೇ ಬರೆದಿಡಬಹುದು. ಒಪ್ಪಿಗೆ ಪಡೆಯುವ ಮೊದಲು ಚಿಕಿತ್ಸೆಯ ಲಾಭ ನಷ್ಟಗಳನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ, ಅರ್ಥವಾಗುವ ರೀತಿಯಲ್ಲಿ ತಿಳಿಸಬೇಕೆಂದೂ ಅದರಲ್ಲಿದೆ. 2022ರ ಅಕ್ಟೋಬರಿನಿಂದ 14416 ಎಂಬ ಸಂಖ್ಯೆಗೆ ಫೋನು ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸೇವೆಯಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಕಾಯಿದೆ ಮಾಡಿದವರಿಗೆ ಮಧ್ಯಮ ಪುರುಷ ಗೊತ್ತಿದೆ. ಅದನ್ನು ಬಳಕೆಗೆ ತರಬೇಕಾದವರು ವೈದ್ಯರು, ಅವರಷ್ಟೇ ನಾವು.

ನನ್ನ ತಂಗಿ ಈಗ ವೈದ್ಯರ ಬಳಿಗೆ ಒಬ್ಬಳೇ ಹೋಗುತ್ತಾಳೆ. ಹೋಗುವ ಮುನ್ನ ಹೇಳಬೇಕಾದ್ದನ್ನೆಲ್ಲ ಒಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳುತ್ತಾಳೆ: ನಿದ್ದೆ, ಕೈ, ಬೇರೆ ಮಾತ್ರೆಗಳು, ಮುಂದಿನ ರಕ್ತ ಪರೀಕ್ಷೆಯ ತಾರೀಖು. ಇಷ್ಟು ಹೊತ್ತು ಅವಳನ್ನು ಅನ್ಯ ಪುರುಷದಲ್ಲೇ ಇಟ್ಟು ಪ್ರಬಂಧ ಬರೆದು ಅಚ್ಚಿಗೆ ಕಳಿಸುವುದು ನ್ಯಾಯವಲ್ಲವೆಂದು, ಮೊದಲು ಅವಳ ಕೈಗೇ ಕೊಟ್ಟೆ. ನಾನು "ಯಾವುದೋ ನೋವು" ಎಂದು ಬರೆದಿದ್ದ ಕಡೆ ಗೀಟು ಹಾಕಿ "ಮುಟ್ಟಿನ ಹೊಟ್ಟೆನೋವು" ಎಂದು ತಿದ್ದಿದಳು. ಆಮೇಲೆ ಕೆಳಗೆ ಎರಡು ಸಾಲು ಸೇರಿಸಿದಳು, ಅವಳ ಮಾತಿನಲ್ಲೇ ಕೊಡುತ್ತೇನೆ: "ಅಣ್ಣ, ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಿಬಿಡಬಾರದು ಎಂದು ಬರಿ. ನಾನು ಇವತ್ತು ರಾತ್ರಿಯೂ ನುಂಗುತ್ತೇನೆ."